ಏಳರಿಂದ ಎರಡಕ್ಕೆ

ಗುಂಡಿ ಹಾಕುವುದು ದರ್ಜಿಯ ಕಸುಬು. ಆದರೆ ಅವನ ಅಂಗಡಿ ಬಾಗಿಲಿಗೇ ಗುಂಡಿ ಹಾಕಿ ಹೋದವರು ನೀರಿನ ಪೈಪಿನವರು. ಸೊಂಟದಾಳ ತೋಡಿ ಎರಡು ತಿಂಗಳಾಗುತ್ತ ಬಂದಿತ್ತು. ಮೊದಲ ತಿಂಗಳು ಏಳು ಗಿರಾಕಿಗಳು ಅದರೊಳಗೆ ಬಿದ್ದರು. ಆಮೇಲೆ ಗಿರಾಕಿಗಳು ಬರುವುದೇ ನಿಂತುಹೋಯಿತು.

ಆ ಬೆಳಿಗ್ಗೆ ಬೀದಿಯ ತುದಿಯಲ್ಲಿ ನಾಯಕರ ಭಾಷಣವಿತ್ತು. "ಇವತ್ತು ಬಿಟ್ರೆ ಇನ್ಯಾವತ್ತು? ಹೋಗಿ ಹೇಳ್ಕೋ," ಎಂದು ಪಕ್ಕದ ಸೈಕಲ್ ರಿಪೇರಿಯವನು ದರ್ಜಿಯ ಬೆನ್ನುಹತ್ತಿದ. ಎದುರುಮನೆಯ ನಿವೃತ್ತ ಮೇಷ್ಟ್ರು, "ಅಳಬೇಡ, ಅಂಕಿ ಕೊಡು. ದೊಡ್ಡೋರು ಅಂಕಿಗೆ ಬಗ್ತಾರೆ," ಎಂದು ಪಾಠ ಹೇಳಿದರು. ಇಬ್ಬರೂ ಸೇರಿ ಸೂಜಿಗೆ ದಾರ ಪೋಣಿಸಿದಂತೆ ಅವನನ್ನು ಜನರ ನಡುವೆ ತೂರಿಸಿ, ವೇದಿಕೆ ಹತ್ತಿಸಿಯೇಬಿಟ್ಟರು.

"ಸ್ವಾಮಿ... ಗುಂಡಿ," ಎಂದ ದರ್ಜಿ.

ನಾಯಕರು ಥಟ್ಟನೆ ತಮ್ಮ ಅಂಗಿ ಮುಟ್ಟಿ ನೋಡಿಕೊಂಡರು.

"ಅದಲ್ಲ ಸ್ವಾಮಿ, ನೆಲದ್ದು. ನಮ್ಮಂಗಡಿ ಮುಂದೆ. ಜನ ಬೀಳ್ತಾರೆ."

"ಎಷ್ಟು ಜನ?"

"ಹೋದ ತಿಂಗಳು ಏಳು."

"ಈ ತಿಂಗಳು?"

"ಎರಡು. ಒಂದು ನಾನು, ಇನ್ನೊಂದು ನಮ್ಮತ್ತೆ."

ನಾಯಕರ ಮುಖ ಅರಳಿತು. ಮೈಕಿನತ್ತ ತಿರುಗಿದರು. "ಬಂಧುಗಳೇ, ಕೇಳಿದಿರಾ? ಏಳೆಲ್ಲಿ, ಎರಡೆಲ್ಲಿ! ಇದನ್ನು ಪ್ರಗತಿ ಎನ್ನದೆ ಇನ್ನೇನೆನ್ನಬೇಕು? ಬಿದ್ದವರನ್ನು ಎಣಿಸುವವರು ಎಣಿಸಲಿ, ನಾನು ಬೀಳದೆ ನಡೆದ ಸಾವಿರಾರು ಜನರನ್ನು ನೋಡುತ್ತೇನೆ! ಇಂದು ಸಂಜೆಯೊಳಗೆ ಆ ಎರಡನ್ನು ಸೊನ್ನೆ ಮಾಡಿ ತೋರಿಸುತ್ತೇನೆ!"

"ಗಿರಾಕಿಗಳೇ ಬರ್ತಿಲ್ಲ ಸ್ವಾಮಿ, ಅದಕ್ಕೇ..." ಎಂಬ ದರ್ಜಿಯ ಮಾತು ಚಪ್ಪಾಳೆಯಲ್ಲಿ ಮುಳುಗಿತು. ನೋಡಿದರೆ ಅವನ ಕೈಗಳೂ ಚಪ್ಪಾಳೆ ತಟ್ಟುತ್ತಿದ್ದವು. ಎದೆಯೊಳಗೆ ಏನೋ ಉಬ್ಬಿದಂತಾಗಿತ್ತು. ಏಕೆಂದು ಮಾತ್ರ ತಿಳಿಯಲಿಲ್ಲ.

"ದೂರು ಹೇಳು ಅಂದ್ರೆ ಹೊಗಳಿ ಬಂದೆಯಲ್ಲೋ!" ಎಂದು ಸೈಕಲಿನವನು ದಾರಿಯುದ್ದಕ್ಕೂ ಬೈದ.

"ನಾನು ಹೊಗಳಿದ್ನಾ?"

"ಮತ್ತೆ ಚಪ್ಪಾಳೆ ಹೊಡೆದೋರು ಯಾರು?"

ದರ್ಜಿ ಮೇಷ್ಟ್ರ ಮುಖ ನೋಡಿದ. "ಲೆಕ್ಕವೇನೋ ಸರಿಯಾಗೇ ಇತ್ತಪ್ಪ," ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಏಳಕ್ಕಿಂತ ಎರಡು ಕಡಿಮೆಯೇ. ಕಡಿಮೆಯಾದರೆ ಒಳ್ಳೆಯದೇ. ಹಾಗಾದರೆ ತನಗೆ ಒಳ್ಳೆಯದಾಗುತ್ತಿದೆಯೋ? ದರ್ಜಿಯ ತಲೆ ಗಂಟುಬಿದ್ದ ದಾರದುಂಡೆಯಂತಾಯಿತು. ಗುಂಡಿಗೆ ಅಡ್ಡ ಹಾಕಿದ್ದ ಅಲುಗಾಡುವ ಹಲಗೆಯ ಮೇಲೆ ಕಾಲಿಟ್ಟು, ಹುಷಾರಾಗಿ ಅಂಗಡಿ ಸೇರಿದ.

ಮಧ್ಯಾಹ್ನ ನಿಜವಾಗಿಯೂ ಲಾರಿ ಬಂತು. ಆಳುಗಳೂ ಅವರ ಮೇಸ್ತ್ರಿಯೂ ಇಳಿದರು. ದರ್ಜಿ ಖುಷಿಯಿಂದ ಮಿಷನ್ ತುಳಿಯತೊಡಗಿದ. ಹೊರಗೆ ಸುತ್ತಿಗೆ ಸದ್ದು ಕೇಳಿತು. ಮಣ್ಣು ತುಂಬಲು ಸುತ್ತಿಗೆ ಏಕೆಂದು ಅವನು ತಲೆಯೆತ್ತುವಷ್ಟರಲ್ಲಿ ಅಂಗಡಿ ಅರ್ಧ ಕತ್ತಲಾಗಿತ್ತು. ಬಾಗಿಲಿಗೆ ಅಡ್ಡವಾಗಿ ತಗಡು ಬಡಿಯುತ್ತಿದ್ದರು.

"ಏನ್ರೀ ಇದು?"

"ಸೊನ್ನೆ," ಎಂದ ಮೇಸ್ತ್ರಿ. "ಸಂಜೆಯೊಳಗೆ ಆಗ್ಬೇಕು ಅಂತ ಹುಕುಂ. ಬಾಗಿಲೇ ಇಲ್ದಿದ್ರೆ ಈ ಕಡೆ ಯಾರು ಬರ್ತಾರೆ? ಬರದಿದ್ರೆ ಯಾರು ಬೀಳ್ತಾರೆ?"

"ಗುಂಡಿ?"

"ಅದು ಪೈಪಿನೋರದ್ದು. ನಾವು ಮುಟ್ಟೋ ಹಾಗಿಲ್ಲ."

"ಅಯ್ಯೋ, ನಾನು ಒಳಗಿದ್ದೀನಲ್ರೀ!"

ಮೇಸ್ತ್ರಿ ಸಂದಿಯಿಂದ ಇಣುಕಿ, ಪ್ರೀತಿಯಿಂದಲೇ ನಕ್ಕ. "ಒಳ್ಳೇದೇ ಆಯ್ತಲ್ಲ! ಒಳಗಿದ್ದೋರು ಬೀಳೋದೇ ಇಲ್ಲ," ಎಂದು ಕೊನೆಯ ಮೊಳೆ ಹೊಡೆದ.