ಇಟಲಿಯ ಕೊಳಲು, ಸಿಂದಗಿಯ ಕಿವಿ

ಇಟಲಿ ಎಲ್ಲಿದೆ ಎಂದು ಕೇಳಿದರೆ ನಮ್ಮ ಕಾಕಾ ಮನಗೂಳಿ ದಾಟಿ ಇನ್ನೊಂದಿಷ್ಟು ಆಚೆ ಎಂಬಂತೆ ಕೈ ಮಾಡುತ್ತಿದ್ದ. ಆದರೆ ಆ ದೇಶದ ಒಂದು ರಾಕ್ ಬ್ಯಾಂಡಿನ ಮೂರು ರೆಕಾರ್ಡುಗಳನ್ನು ಅವನಷ್ಟು ಭಕ್ತಿಯಿಂದ, ಅದಕ್ಕಿಂತ ಹೆಚ್ಚಾಗಿ ಅವನಷ್ಟು ಹೆದರಿಕೆಯಿಂದ ಕೇಳಿದ ಮನುಷ್ಯ ಭೂಮಂಡಲದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ! ಹಾಡು ಕೇಳುವುದಕ್ಕೂ ಹೆದರಬೇಕೆ ಎನ್ನುತ್ತೀರಾ? ಹೇಳುತ್ತೇನೆ, ತಡೆಯಿರಿ.

ಎಪ್ಪತ್ತರ ದಶಕದ ಮಾತು. ಕಾಕಾನದು ಸಿಂದಗಿಯಲ್ಲಿ ರೇಡಿಯೋ ರಿಪೇರಿ ಅಂಗಡಿ, ಜೊತೆಗೆ ಮದುವೆಗಳಿಗೆ ಮೈಕ್ ಸೆಟ್ಟು. ರೇಡಿಯೋದ ಬೆನ್ನು ಬಿಚ್ಚುವ ಮೊದಲೇ ಅದರ ಗೊರಗೊರ ಕೇಳಿ ರೋಗ ಹೇಳುತ್ತಿದ್ದ. ಅಂದರೆ ಅವನ ರೊಟ್ಟಿ ಇದ್ದದ್ದು ಅವನ ಕಿವಿಯಲ್ಲಿ. ನಮ್ಮ ಮನೆತನದ ಕಿವಿಯೋ, ನಂಬುವಂಥದ್ದೇ ಅಲ್ಲ. ನಮ್ಮಜ್ಜ ನಲವತ್ತೈದು ತುಂಬುವುದರೊಳಗೆ ಪೂರಾ ಕಿವುಡ. ಅಜ್ಜನ ಅಣ್ಣನೂ ಹಾಗೇ. ಕಾಕಾನಿಗೆ ಆಗ ನಲವತ್ತೆರಡು. ಈಗ ತಿಳಿಯಿತಲ್ಲ ಅವನ ಹೆದರಿಕೆ?

ಹಾವು ಹಿಡಿಯೆಂದರೆ ಹಿಡಿದಾನು, ಪಕ್ಕದಲ್ಲಿ ಯಾರಾದರೂ ಜೋರಾಗಿ ಸೀನಿದರೆ ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಊರಿಗೆಲ್ಲ ಕೇಳುವಂತೆ ಮೈಕ್ ಹಚ್ಚಿ ತಾನು ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದ. ಕನ್ನೊಳ್ಳಿಯ ಒಂದು ಮದುವೆಯಲ್ಲಿ ಬೀಗರು "ಊಟಕ್ಕ ಏಳ್ರಿ" ಎಂದು ಮೂರು ಸಲ ಕರೆದದ್ದೂ ಕೇಳಿಸದೆ ಉಪವಾಸ ಮನೆಗೆ ಬಂದ. "ಹೊಟ್ಟಿ ಇವತ್ತ ಹೋದ್ರ ನಾಳಿ ತುಂಬತೈತಿ. ಕಿವಿ?" ಎಂದು ನಮಗೇ ಕೇಳಿದ!

ಮುಂಜಾನೆ ಎದ್ದ ಕೂಡಲೇ ಅವನ ಹೆಂಡತಿ, ನಮ್ಮ ಕಾಕು, ಅವನ ಬೆನ್ನ ಹಿಂದೆ ಒಂದು ಮಾರು ದೂರ ನಿಂತು ಕೈಗಡಿಯಾರ ಹಿಡಿಯಬೇಕು. "ಟಿಕ್ ಟಿಕ್ ಕೇಳಸಾಕತ್ತೈತಿ" ಎಂದು ಅವನು ಹೇಳಿದ ಮೇಲೆಯೇ ಮನೆಯಲ್ಲಿ ಚಹಾ. ಒಂದು ದಿನ ಏನೂ ಕೇಳಿಸಲಿಲ್ಲ. ಕಾಕಾ ಗೋಡೆಗೆ ಒರಗಿ ಕುಳಿತುಬಿಟ್ಟ, ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಕಾಕು ಗಡಿಯಾರವನ್ನು ತನ್ನ ಕಿವಿಗೆ ಹಿಡಿದು ನೋಡಿ, "ಅಯ್ಯ, ರಾತ್ರಿ ಕೀಲಿ ಕೊಡೋದ ಮರ್ತೇನಿ!" ಎಂದಳು. ಆ ದಿನ ಇಡೀ ಓಣಿಗೆ ಪೇಢೆ ಹಂಚಿದ ಪುಣ್ಯಾತ್ಮ!

ಇಂಥವನಿಗೆ ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಇಟಲಿಯ ಹಡಗಿನವರಿಂದ ಇಸಿದುಕೊಂಡು ಒಂದು ರೆಕಾರ್ಡು ತಂದುಕೊಟ್ಟ. ಒಂದು ಮಗ್ಗಲು ಪೂರ್ತಿ ಒಂದೇ ಹಾಡು! ಕಾಕಾ ತೊಡೆಯ ಮೇಲೆ ಬೆರಳಿನಿಂದ ತಾಳದ ಏಳೇಳು ಮಾತ್ರೆ ಎಣಿಸುತ್ತ ಕೂರುತ್ತಿದ್ದ. ಹಾಡಿನ ನಡುವೆ ಡ್ರಮ್ಮು, ಗಿಟಾರು ಎಲ್ಲ ನಿಂತು ಒಂದು ಕೊಳಲು ಮಾತ್ರ ಎಳೆಯಾಗಿ, ಬಹಳ ಮೇಲಿನ ಸ್ವರದಲ್ಲಿ ಬರುತ್ತಿತ್ತು. ಅದು ಬಂತೆಂದರೆ ಕಾಕಾನ ಕಣ್ಣಲ್ಲಿ ನೀರು.

ಊರಲ್ಲಿ ಒಂದು ಹುಚ್ಚಿದ್ದರೆ ಅದಕ್ಕೆ ಜೊತೆ ಸಿಗುವುದು ತಡವೇ? ಇಂಡಿಯಿಂದ ಒಬ್ಬ ಡ್ರಾಯಿಂಗ್ ಮಾಸ್ತರರು, ಮುದ್ದೇಬಿಹಾಳದಿಂದ ಒಬ್ಬ ಕಂಪೌಂಡರ್ ಪ್ರತಿ ರವಿವಾರ ಮಧ್ಯಾಹ್ನ ಬಸ್ಸು ಹಿಡಿದು ಬರತೊಡಗಿದರು. ನಾನು ಬಸವನ ಬಾಗೇವಾಡಿಯಲ್ಲಿ ಹೊಸದಾಗಿ ಟೀಚರಾಗಿದ್ದೆ, ನಾನೂ ಬರುತ್ತಿದ್ದೆ. ಮುಂದಿನ ಎರಡು ವರ್ಷಗಳಲ್ಲಿ ಅದೇ ಬ್ಯಾಂಡಿನ ಇನ್ನೆರಡು ರೆಕಾರ್ಡು ಬಂದವು. ಆಗ ಕಾಕಾ ಒಂದು ನೇಮ ಮಾಡಿದ. ಮೂರೂ ಕೇಳಿ ಮುಗಿದ ಮೇಲೆ, ಯಾವುದು ಶ್ರೇಷ್ಠವೋ ಅದರ ರಟ್ಟಿನ ಮೇಲೆ ಪ್ರತಿಯೊಬ್ಬರೂ ಒಂದು ವೀಳ್ಯದೆಲೆ ಇಡಬೇಕು. ಇಟ್ಟ ಮೇಲೆ ಮಾತು ಬದಲಿಸುವಂತಿಲ್ಲ. ಆಮೇಲೆ ಸುಣ್ಣ ಹಚ್ಚಿ, ಅಡಿಕೆ ಹಾಕಿ ಅದನ್ನೇ ತಿನ್ನುವುದು.

ಮೊದಮೊದಲು ಎಲೆಗಳೆಲ್ಲ ಮೊದಲನೆಯದಕ್ಕೇ. "ಮೂರನೇದು ಬರೇ ದಡಬಡ. ಕೊಳಲ ಬಿಟ್ಟು ಕೆಟ್ರು ಇವರು" ಎಂದು ಕಾಕಾ ಬೈದರೆ, "ಕೆಟ್ರು ನೋಡ್ರಿ" ಎಂದು ಮಾಸ್ತರರ ತಾಳ. ಮಾಸ್ತರರಿಗೆ ಸ್ವಂತ ಅಭಿಪ್ರಾಯವೆಂಬುದು ಕಾಕಾನ ಮುಖ ನೋಡಿದ ಮೇಲೆ ಹುಟ್ಟುತ್ತಿತ್ತು!

ಒಂದು ರವಿವಾರ ಕಾಕಾ ಎಲೆ ಒಯ್ದು ಮೂರನೆಯದರ ಮೇಲಿಟ್ಟ.

"ಮೊದಲನೇದು ಯಾಕೋ ಸಪ್ಪಗ ಅನಸ್ತೈತಿ" ಎಂದ.

"ಸಪ್ಪಗರಿ! ಉಪ್ಪ ಹಾಕೇ ಇಲ್ಲ ಬಿಡ್ರಿ" ಎಂದರು ಮಾಸ್ತರರು, ಮೊದಲನೆಯದರ ಮೇಲೆ ಇಟ್ಟಿದ್ದ ತಮ್ಮ ಎಲೆಯನ್ನು ಮೆಲ್ಲಗೆ ಜರುಗಿಸುತ್ತ.

ಕಂಪೌಂಡರ್ ಉರಿದೆದ್ದ. "ಹೋದ ವರ್ಷ ಇದ ಕೊಳಲಿಗೆ ಅತ್ತವರು ಯಾರ್ರಿ? ನಾನೇನು?"

"ನಮ್ಮ ಬಿಸಲಿಗೆ ರೆಕಾರ್ಡ್ ಒಣಗಿ ಕೊಳಲ ಸವದೈತಿ" ಎಂದ ಕಾಕಾ. ಬಿಸಿಲಿಗೆ ಡ್ರಮ್ಮು ಉಳಿದು ಕೊಳಲು ಮಾತ್ರ ಸವೆಯುತ್ತದೆಯೇ? ಕೇಳುವ ಧೈರ್ಯ ಯಾರಿಗಿತ್ತು! ಅಂದಿನಿಂದ ರೆಕಾರ್ಡುಗಳು ತಂಪಿಗೆಂದು ಜೋಳದ ಚೀಲಗಳ ನಡುವೆ ವಾಸಕ್ಕೆ ಹೋದವು. ಕಾಕು ಜೋಳ ತೆಗೆಯಲು ಹೋದರೆ "ಹಗೂರ, ಹಗೂರ!" ಎಂದು ಹಿಂದೆಯೇ ಓಡುತ್ತಿದ್ದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಂದು ರವಿವಾರ ರಾತ್ರಿ ಅಲ್ಲೇ ಉಳಿದು, ಮರುದಿನ ಮುಂಜಾನೆ ಗಡಿಯಾರದ ಪರೀಕ್ಷೆ ನೋಡಿದೆ. ಒಂದು ಮಾರು ದೂರ ನಿಲ್ಲುತ್ತಿದ್ದ ಕಾಕು ಈಗ ಗಡಿಯಾರವನ್ನು ಅವನ ಕಿವಿಗೆ ತಾಗಿಸಿಯೇ ಹಿಡಿದಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ನನ್ನದೂ ಅದೇ ಮನೆತನದ ಕಿವಿಯಲ್ಲವೇ? ಅಂದಿನಿಂದ ರವಿವಾರ ಬಂತೆಂದರೆ ನನಗೆ ಹೆದರಿಕೆ. ಆ ಕೊಳಲಿನ ಜಾಗ ಹತ್ತಿರವಾದಂತೆ ನಾನು ಕಾಕಾನ ಮುಖವನ್ನೇ ನೋಡುತ್ತಿದ್ದೆ.

ಹೆದರಿದ್ದು ಆಗಿಯೇ ಬಿಟ್ಟಿತು. ಆ ರವಿವಾರ ಮೊದಲನೇ ರೆಕಾರ್ಡು ಹಾಕಿ, ಕಾಕಾ ನಮಗೆ ಬೆನ್ನು ಮಾಡಿ ಯಾರದೋ ರೇಡಿಯೋದ ಧೂಳು ಒರೆಸುತ್ತಿದ್ದ. ಡ್ರಮ್ಮು ನಿಂತಿತು. ಗಿಟಾರು ನಿಂತಿತು. ಕೊಳಲು ಎದ್ದಿತು, ಎಷ್ಟು ಚಂದ ಎದ್ದಿತು! ಕಾಕಾ ತಿರುಗಿ ನೋಡದೆಯೇ ಕೇಳಿದ:

"ಯಾಕ್ರಿ, ಬಂದ್ ಮಾಡಿದ್ರಿ?"

ಕೊಳಲು ತನ್ನ ಪಾಡಿಗೆ ಹಾಡುತ್ತಲೇ ಇತ್ತು. ಕಾಕಾ ತಿರುಗಿದ. ಮಾಸ್ತರರು ಗಡಬಡಿಸಿ ಜೋರಾಗಿ, "ಕರೆಂಟ್ ಹೋತ್ರಿ!" ಎಂದುಬಿಟ್ಟರು.

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಕಾಕಾ ಫ್ಯಾನು ನೋಡಿದ. ತಿರುಗುವ ರೆಕಾರ್ಡು ನೋಡಿದ. ಆಮೇಲೆ ನನ್ನ ಮುಖ ನೋಡಿದ.

ನನಗೆ ಅಳು ತಡೆಯಲಾಗಲಿಲ್ಲ. "ಕಾಕಾ, ಆ ಕೊಳಲು ಮೊದಲಿಂದಾನೂ ಅಷ್ಟ ಚಲೋ ಇರಲಿಲ್ಲ ಬಿಡು" ಎಂದು ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಸುಳ್ಳ ಹೇಳಬ್ಯಾಡ" ಎಂದ. ಎಲೆ ತೆಗೆದುಕೊಂಡು ಮೊದಲನೇ ರೆಕಾರ್ಡಿನ ರಟ್ಟಿನ ಮೇಲೆ ಇಟ್ಟ. ಕಂಪೌಂಡರ್, ಮಾಸ್ತರರು, ಇಬ್ಬರೂ ತಮ್ಮ ಎಲೆಗಳನ್ನು ಅದರ ಪಕ್ಕದಲ್ಲಿಟ್ಟರು.

"ಮತ್ತೊಮ್ಮೆ ಮೊದಲಿಂದ ಹಚ್ಚು" ಎಂದ ಕಾಕಾ, ನನ್ನ ಪಕ್ಕ ಕುಳಿತು. "ಕೊಳಲ ಬಂದ ಕೂಡಲೇ ನನ್ನ ಕೈ ಮುಟ್ಟು."

ಹಚ್ಚಿದೆ. ಅವನ ಬೆರಳು ತೊಡೆಯ ಮೇಲೆ ಏಳೇಳು ಎಣಿಸತೊಡಗಿತು. ಡ್ರಮ್ಮು ನಿಂತಿತು, ಗಿಟಾರು ನಿಂತಿತು. ತಪ್ಪಿ ಹೋದೀತೆಂಬ ಹೆದರಿಕೆಯಲ್ಲಿ ನಾನು ಅವನ ಕೈ ಮುಟ್ಟಿಬಿಟ್ಟೆ.

ಕಾಕಾ ಕಣ್ಣು ಮುಚ್ಚಿಕೊಂಡೇ ನಕ್ಕ. "ತಡಿಯವ್ವಾ, ಇನ್ನೂ ಏಳು ಮಾತ್ರಿ ಐತಿ" ಎಂದ.

ಏಳು ಮಾತ್ರೆ ಕಳೆದ ಮೇಲೆ ಕೊಳಲು ಬಂತು.