ನರ್ಸಮ್ಮ ಮೆಚ್ಚಿದ ಕಾದಂಬರಿ

ಭಾಷಾ ಮೇಷ್ಟ್ರ ಕಾದಂಬರಿ ಅಚ್ಚಾಗಿ ವರ್ಷವಾದರೂ ಅದರ ಬಗ್ಗೆ ಒಂದು ಒಳ್ಳೆಯ ಮಾತಿರಲಿ, ಬೈಗುಳವೂ ಬಂದಿರಲಿಲ್ಲ. ಬೈದಿದ್ದರೆ ಓದಿದ್ದಾರೆ ಅಂತಲಾದರೂ ಸಮಾಧಾನಪಡಬಹುದಿತ್ತು. ಹೀಗಿರುವಾಗ ಇಂಟರ್‌ನೆಟ್ಟಿನ ಓದುಗರ ಗುಂಪೊಂದರಲ್ಲಿ ಯಾರೋ 'ಹೊಸದಾಗಿ ಏನು ಓದಲಿ?' ಎಂದು ಕೇಳಿದ್ದು ಅವರ ಕಣ್ಣಿಗೆ ಬಿತ್ತು. ಶಾಲೆಯ ಲೈಬ್ರರಿಗೆ ಪುಸ್ತಕ ಆರಿಸಲು ಹೆಡ್ ಮೇಡಂ ದಿನವೂ ಇಣುಕುವ ಗುಂಪು ಅದು. ಮೇಷ್ಟ್ರು 'ನಿವೃತ್ತ ನರ್ಸಮ್ಮ' ಎಂಬ ಸುಳ್ಳು ಹೆಸರಿನಲ್ಲಿ ಖಾತೆ ತೆರೆದರು. ಆಸ್ಪತ್ರೆಯ ವಾರ್ಡನ್ನೂ ತೀರಿಹೋದ ಗಂಡನನ್ನೂ ಕಲ್ಪಿಸಿಕೊಂಡು, ಈ ಕಾದಂಬರಿ ಓದಿದ ಮೇಲೆ ಬದುಕುವ ಆಸೆ ಮತ್ತೆ ಚಿಗುರಿತು ಎಂದು ತಮ್ಮ ಪುಸ್ತಕವನ್ನು ತಾವೇ ಹೊಗಳಿ ಬರೆದರು.

ಮರುದಿನ ಅವರು ಸ್ಟಾಫ್ ರೂಮಿಗೆ ಬಂದಾಗ ಹೆಡ್ ಮೇಡಂ ಆ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದರು. ಗಣಿತದ ಮಿಸ್ಸು ಕಣ್ಣೊರೆಸಿಕೊಂಡರು. ಕಾದಂಬರಿಯ ಹತ್ತು ಪ್ರತಿ ತರಿಸೋಣ ಎಂದು ಹೆಡ್ ಮೇಡಂ ಅಂದಾಗ ಮೇಷ್ಟ್ರ ಎದೆ ಹುಂಜದ ಹಾಗೆ ಉಬ್ಬಿತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಡ್ರಾಯಿಂಗ್ ಮೇಷ್ಟ್ರು ಕಂಡವರ ವಿಷಯಕ್ಕೆ ಮೂಗು ತೂರಿಸದಿದ್ದರೆ ಉಂಡದ್ದು ಅರಗದ ಆಸಾಮಿ. ಆ ನರ್ಸಮ್ಮನನ್ನು ಶಾಲೆಗೇ ಕರೆಸಿ ಮಾತಾಡಿಸೋಣ ಅಂದವರೇ ಮೆಸೇಜು ಕಳಿಸಿಬಿಟ್ಟರು. ಭಾಷಾ ಮೇಷ್ಟ್ರ ಜೇಬು ಟಣ್ ಅಂದಿತು.

ಮೇಷ್ಟ್ರು ಬಚ್ಚಲಿಗೆ ಓಡಿ, ಮಂಡಿನೋವು, ಬರಲಾರೆ ಎಂದು ಉತ್ತರಿಸಿದರು. ಕಾರು ತರುತ್ತೇವೆ ಎಂದು ಡ್ರಾಯಿಂಗ್ ಮೇಷ್ಟ್ರು ಬರೆದರು. ಪರವೂರಲ್ಲಿದ್ದೇನೆ ಎಂದು ನರ್ಸಮ್ಮ ಅಂದಳು. ನಮ್ಮ ಸೋದರತ್ತೆಯೂ ನರ್ಸು, ನಿಮ್ಮದು ಯಾವ ಆಸ್ಪತ್ರೆ ಎಂದು ಗಣಿತದ ಮಿಸ್ಸು ಕೇಳಿದರು. ಒಂದು ಸುಳ್ಳು ಮುಚ್ಚಲು ಒಂಬತ್ತು ಸುಳ್ಳು ಹೆಣೆಯುತ್ತ, ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿ, ಮೇಷ್ಟ್ರು ಮೇಜಿನ ಕೆಳಗೆ ಫೋನು ಒತ್ತುತ್ತಲೇ ಬೆವತರು. ಮಧ್ಯಾಹ್ನ ಡ್ರಾಯಿಂಗ್ ಮೇಷ್ಟ್ರು, ಎಲ್ಲ ಆಸ್ಪತ್ರೆಗೂ ಹೋಗಿ ವಿಚಾರಿಸಿ ಸಂಜೆಯೊಳಗೆ ವಿಳಾಸ ತರುತ್ತೇನೆ ಎಂದು ಹೊರಟು ನಿಂತರು.

ಬೇರೆ ದಾರಿಯೇ ಉಳಿಯಲಿಲ್ಲ. ಮೇಷ್ಟ್ರು ಅದೇ ಖಾತೆಯಿಂದ, ನರ್ಸಮ್ಮನ ತಂಗಿಯ ಮಗಳು ಬರೆದ ಹಾಗೆ, 'ದೊಡ್ಡಮ್ಮ ಈಗಷ್ಟೇ ತೀರಿಕೊಂಡರು' ಎಂದು ಹಾಕಿದರು. ಸುದ್ದಿ ಎಲ್ಲರಿಗೂ ಮುಟ್ಟಿದ್ದು ಖಾತ್ರಿಯಾದ ಮೇಲೆ ಖಾತೆಯನ್ನೇ ಅಳಿಸಿಹಾಕಿ ನಿಟ್ಟುಸಿರು ಬಿಟ್ಟರು.

ಶಾಲೆ ಬಿಟ್ಟ ಮೇಲೆ ಹೆಡ್ ಮೇಡಂ ಎಲ್ಲರನ್ನೂ ಸೇರಿಸಿದರು. ಪುಣ್ಯಕ್ಕೆ ನರ್ಸಮ್ಮನ ಬರಹವನ್ನು ಬೆಳಿಗ್ಗೆಯೇ ಇಳಿಸಿಟ್ಟುಕೊಂಡಿದ್ದರಂತೆ. ಅದನ್ನು ದಪ್ಪಕ್ಷರದಲ್ಲಿ ಬರೆಸಿ ಲೈಬ್ರರಿಯ ಗೋಡೆಗೆ ಹಾಕಿಸುವುದೆಂದು ತೀರ್ಮಾನಿಸಿದರು.

"ಕಾದಂಬರಿ ಹೆಸರಿರೋ ಸಾಲು ಬಿಟ್ಟುಬಿಡೋಣ. ಅದೇನು ಮುಖ್ಯ ಅಲ್ಲ. ಆ ಹತ್ತು ಪ್ರತೀನೂ ಬೇಡ," ಎಂದೂ ಸೇರಿಸಿದರು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮೇಡಂ, ಆ ನರ್ಸಮ್ಮ ಬೇರೆ ಯಾರೂ ಅಲ್ಲ. ಅದನ್ನ ಬರೆದಿದ್ದು ನಾನೇ."

ಎಲ್ಲಿ ತೋರಿಸಿ ಎಂದು ಯಾರೋ ಕೇಳಿದರು. ತೋರಿಸಲು ಫೋನಿನಲ್ಲಿ ಏನೂ ಉಳಿದಿರಲಿಲ್ಲ.

ಹೆಡ್ ಮೇಡಂ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಮಧ್ಯಾಹ್ನ ಕೂತು ನಿಮ್ಮ ಕಾದಂಬರಿ ಓದಿದೆ. ಅದನ್ನ ಬರೆದ ಕೈ ಇದನ್ನ ಬರೆಯೋಕೆ ಸಾಧ್ಯನೇ ಇಲ್ಲ. ಪಾಪ, ಸತ್ತವರ ಮಾತನ್ನ ನಮ್ಮದು ಅನ್ನಬಾರದು."

ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತರು. ಭಾಷಾ ಮೇಷ್ಟ್ರೂ ನಿಂತರು. ಶೋಕದ ನಾಲ್ಕು ಮಾತು ಆಡುವ ಕೆಲಸ ಡ್ರಾಯಿಂಗ್ ಮೇಷ್ಟ್ರ ಪಾಲಿಗೆ ಬಂತು. ನರ್ಸಮ್ಮನನ್ನು ತಾವು ಬಹಳ ಹತ್ತಿರದಿಂದ ಬಲ್ಲೆವೆಂದು ಅವರು ಶುರುಮಾಡಿದರು.