ಮಡಿಸೀರೆ ಮತ್ತು ದೇಶದ ಇಂಧನ ನೀತಿ

ದೇಶದ ಇಂಧನ ಖಾತೆ ದೆಹಲಿಯಲ್ಲಿದೆ ಎಂದು ನೀವು ನಂಬಿಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ, ಪತ್ರಿಕೆಗಳು ಹಾಗೆಯೇ ಬರೆಯುತ್ತವೆ. ಖಾತೆ ಇರುವುದು ಹೈದರಾಬಾದಿನ ಮಣಿಕೊಂಡದಲ್ಲಿ, ಒಂದು ಅಪಾರ್ಟ್‌ಮೆಂಟಿನ ಮೊದಲನೇ ಮಹಡಿಯಲ್ಲಿ. ಮಂತ್ರಿಗಳು ಬನಿಯನ್ ತೊಟ್ಟು, ಧೋತರ ಉಟ್ಟು ಬೆತ್ತದ ಕುರ್ಚಿಯಲ್ಲಿ ವಿರಾಜಮಾನರಾಗಿರುತ್ತಾರೆ. ಅವರೇ ನನ್ನ ಕಾಕಾ, ಅಪ್ಪನ ಖಾಸಾ ತಮ್ಮ.

ನಮ್ಮದು ರಾಯಚೂರಿನ ಕಡೆಯ ಮನೆತನ. ಅಜ್ಜನ ಕಾಲದಿಂದಲೂ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು, ಆಫೀಸಿನಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಜಗಳಕ್ಕೆ ಮಾತ್ರ ಕನ್ನಡ ಬಳಸಿಕೊಂಡು ಬಂದವರು. ಕಾಕಾ ನೌಕರಿ ಪೂರ್ತಿ ಕಳೆದದ್ದು ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಒಂದು ಸ್ಥಾವರದಲ್ಲಿ, ಎಂಜಿನಿಯರ್ ಆಗಿ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವರು ಹಾರ ತೆಗೆಯುವಷ್ಟರಲ್ಲಿ ಪಕ್ಷಾಂತರ ಮಾಡಿದ್ದರು. "ಕಲ್ಲಿದ್ದಲಿನ ಕಾಲ ಮುಗೀತು. ಇನ್ನ ಮುಂದ ಎಲ್ಲಾ ಸೂರ್ಯಂದು" ಎಂದರು. ಅಂದಿನಿಂದ ಅವರದು ಸೂರ್ಯವಂಶ.

ಐಟಿ ಕಂಪನಿಗಳು ಬಂದು, ಬಂಡೆ ಒಡೆದಲ್ಲೆಲ್ಲ ಅಪಾರ್ಟ್‌ಮೆಂಟು ಏಳುತ್ತಿದ್ದ ಕಾಲ ಅದು. ಅಮೆರಿಕದ ಗಡಿಯಾರ ನೋಡಿ ಕೆಲಸ ಮಾಡುವ ಸಾಫ್ಟ್‌ವೇರ್ ಮಂದಿಯೂ ಮನೆ ಕೊಳ್ಳುವಾಗ ವಾಸ್ತು ನೋಡಿ ಪೂರ್ವದ ಬಾಗಿಲನ್ನೇ ಹುಡುಕುತ್ತಿದ್ದರು. ನಮ್ಮ ಕಾಕಾ ಮಾತ್ರ ಬಿಲ್ಡರನ ಆಫೀಸಿಗೆ ಹೋಗಿ, "ದಕ್ಷಿಣಕ್ಕ ಮುಖ ಇರೋದು ಯಾವುದರೇ ಅದ ಏನು?" ಎಂದು ಕೇಳಿದರು. ಬಿಲ್ಡರ್ ಎದ್ದು ಬಂದು ಎರಡೂ ಕೈ ಹಿಡಿದುಕೊಂಡನಂತೆ! ಯಾರೂ ಕೊಳ್ಳದೆ ಉಳಿದ ಫ್ಲ್ಯಾಟು ಅದೊಂದೇ.

ಅಜ್ಜಿ, ಅಂದರೆ ಕಾಕಾನ ತಾಯಿ, ಹಣೆ ಚಚ್ಚಿಕೊಂಡಳು. "ಅದು ಯಮನ ದಿಕ್ಕಪಾ."

"ಸೂರ್ಯನ ದಿಕ್ಕೂ ಅದ ಅವ್ವಾ. ನಮ್ಮ ಕಡೆ ವರ್ಷದ ಹೆಚ್ಚಿನ ದಿನ ಅವ ದಕ್ಷಿಣಕ್ಕ ವಾಲೇ ಹೋಗ್ತಾನ. ಯಮ ಸೂರ್ಯನ ಮಗ ಅಲ್ಲೇನು? ಮಗನ ಮನಿಗೆ ಅಪ್ಪ ಬರ್ತಾನ, ಅಷ್ಟ."

ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಮನೆ ಸೇರಿದ ಮೇಲೆ ಇಂಧನ ನೀತಿ ಜಾರಿಗೆ ಬಂತು. ನಾನು ಇರುವುದು ಮೆಹದಿಪಟ್ಟಣದಲ್ಲಿ. ಭಾನುವಾರ ಬಸ್ಸಿನಲ್ಲಿ ಬೆವರಿಳಿಸಿಕೊಂಡು ಅವರ ಮನೆ ಮುಟ್ಟಿದರೆ ಫ್ಯಾನಿನ ಗುಂಡಿಯ ಮೇಲೆ ಕೈ ಇಡುವ ಮೊದಲೇ ತಡೆ. "ತಡಿ. ನಿಮ್ಮ ಕಾಕು ಮಿಕ್ಸರ್ ಹಚ್ಚ್ಯಾಳ. ಈಗ ಪೀಕ್ ಅವರ್." ಚಟ್ನಿ ನುಣ್ಣಗಾಗುವ ತನಕ ನಾನು ದೇಶಕ್ಕಾಗಿ ಬೆವರಬೇಕು. ಧಾರಾವಾಹಿ ನೋಡುವಾಗ ಗೀಜರ್ ಇಲ್ಲ, ಇಸ್ತ್ರಿ ಹಾಕುವಾಗ ಧಾರಾವಾಹಿ ಇಲ್ಲ. ಚಹಾ ಕುಡಿಯುತ್ತ ಜರ್ಮನಿ ಏನು ಮಾಡಿತು, ಚೀನಾ ಏನು ಮಾಡಿತು, ನಮ್ಮ ಥಾರ್ ಮರುಭೂಮಿ ಹೇಗೆ ಖಾಲಿಪೀಲಿ ಬಿಸಿಲು ಕಾಯುತ್ತ ಬಿದ್ದಿದೆ ಎಂಬ ಭಾಷಣ. "ಏನ್ರೀ, ಆ ಹುಡುಗಿ ಉಪ್ಪಿಟ್ಟು ತಿನ್ಲಿ, ಆಮ್ಯಾಲೆ ಥಾರಿಗೆ ಕಳಸ್ರಿ" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಕೂಗಿದ ಮೇಲೆಯೇ ನನಗೆ ಬಿಡುಗಡೆ.

ನಗುವಿನ ನಡುವೆ ಒಂದು ಮಾತು ಹೇಳಲೇಬೇಕು. ಕಾಕುಗೆ ದಮ್ಮಿನ ಕಾಯಿಲೆ. ಬೇಸಿಗೆ ಬಂತೆಂದರೆ ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ಫ್ಲ್ಯಾಟುಗಳಿಗೆಲ್ಲ ಇನ್ವರ್ಟರ್ ಇದ್ದವು, ಆದರೆ ಬೋರಿನ ಮೋಟರಿಗೆ, ಲಿಫ್ಟಿಗೆ, ಮೆಟ್ಟಿಲ ದೀಪಕ್ಕೆ ಡೀಸೆಲ್ ಜನರೇಟರ್ ಓಡಬೇಕು. ಅದು ಕೂತಿದ್ದು ಸರಿಯಾಗಿ ಕಾಕುವಿನ ಕೋಣೆಯ ಕೆಳಗೆ. ಅದು ಗುಡುಗುತ್ತಿದ್ದಂತೆ ಹೊಗೆ ಮೇಲೇರಿ ಕಾಕು ಹಾಸಿಗೆಯ ಮೇಲೆ ಎದ್ದು ಕೂತು ಕೆಮ್ಮತೊಡಗುತ್ತಿದ್ದರು. ನೋಡಲು ಸಂಕಟವಾಗುತ್ತಿತ್ತು. ಕಾಕಾ ನಮಗೆಲ್ಲ ಹೇಳುತ್ತಿದ್ದದ್ದು ದೇಶದ ಇಂಧನ ನೀತಿ. ಅವರಿಗೆ ಬೇಕಾಗಿದ್ದದ್ದು ಆ ಜನರೇಟರ್ ಅಲ್ಲಿಂದ ಏಳುವುದು.

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಕಾಕಾ ಗಂಟೆಗಟ್ಟಲೆ ಮಾತಾಡಿದರು. ಟೆರೇಸಿನ ತುಂಬ ಸೋಲಾರ್ ಹಾಕೋಣ, ಜನರೇಟರ್ ಮಾರಿಬಿಡೋಣ. ಸಂಘದ ಅಧ್ಯಕ್ಷರು ಗಚ್ಚಿಬೌಲಿಯ ಕಂಪನಿಯೊಂದರ ಮ್ಯಾನೇಜರ್, ಸಭ್ಯ ತೆಲುಗು ಮನುಷ್ಯ. "ಬಾಗುಂದಿ ಅಂಕುಲ್, ಬಾಗುಂದಿ" ಎಂದು ಚೆನ್ನಾಗಿದೆಯೆಂದು ಹೊಗಳುತ್ತಲೇ ಫೋನು ನೋಡುತ್ತಿದ್ದರು. ಕೊನೆಗೆ ತೀರ್ಮಾನವಾಯಿತು: ಟೆರೇಸಿನ ಒಂದು ಮೂಲೆಯಲ್ಲಿ ಕಾಕಾ ಸ್ವಂತ ಖರ್ಚಿನಿಂದ ಒಂದಷ್ಟು ಪ್ಯಾನೆಲ್ ಹಾಕಲಿ. ಈ ಬೇಸಿಗೆಯಲ್ಲಿ ಅವು ಬೋರಿನ ಮೋಟರ್ ಓಡಿಸಿದರೆ ಉಳಿದದ್ದೂ ಹಾಕಿ ಜನರೇಟರ್ ತೆಗೆಯೋಣ. ಓಡಿಸದಿದ್ದರೆ ಅಂಕುಲ್ ಈ ವಿಷಯದಲ್ಲಿ ಮತ್ತೆಂದೂ ಭಾಷಣ ಮಾಡಬಾರದು. ಹೆಚ್ಚಿನವರು ಈ ಎರಡನೆಯ ಭಾಗ ಕೇಳಿಯೇ ಕೈ ಎತ್ತಿದರೆಂದು ನನ್ನ ಗುಮಾನಿ!

ಪ್ಯಾನೆಲ್ ಬಂದವು. ಯಾರೂ ಹತ್ತಿರ ಸುಳಿಯಬಾರದೆಂದು ಕಾಕಾ ಕನ್ನಡ, ತೆಲುಗು, ಹಿಂದಿಯಲ್ಲಿ "ಮುಟ್ಟಬೇಡಿ" ಎಂದು ಬೋರ್ಡ್ ತೂಗುಹಾಕಿದರು. ಮೊದಲೆರಡು ದಿನ ಮೋಟರ್ ಜಬರ್ದಸ್ತಾಗಿ ಓಡಿತು. ಮೂರನೆಯ ದಿನ ನಡುಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತುಬಿಟ್ಟಿತು. ಮರುದಿನವೂ ಅದೇ ಹೊತ್ತಿಗೆ ನಿಂತಿತು. ತಲೆಗೆ ಶಾಂಪೂ ಹಾಕಿಕೊಂಡವರೆಲ್ಲ ಫೋನು ಮಾಡಿದರು. ಕಾಕಾ ಪಾರಿವಾಳದ ಮೇಲೆ ಸಂಶಯಪಟ್ಟರು, ಧೂಳಿನ ಮೇಲೆ, ವೈರಿನ ಮೇಲೆ, ಮಾರಿದವನ ಮೇಲೆ ಸಂಶಯಪಟ್ಟರು. ಆ ಭಾನುವಾರ ನನ್ನನ್ನೂ ಎಳೆದುಕೊಂಡು ಟೆರೇಸು ಹತ್ತಿದರು.

ಪ್ಯಾನೆಲ್ಲುಗಳ ನೆತ್ತಿಯ ಮೇಲೆ ಒಂದು ಹೊಸ ಹಗ್ಗ. ಹಗ್ಗದ ತುಂಬ ಅಜ್ಜಿಯ ಮಡಿಸೀರೆ, ಒಂಬತ್ತು ಗಜದ್ದು! ಅದರ ನೆರಳು ಪ್ಯಾನೆಲ್ಲುಗಳ ಮೇಲೆ ಹಾಯಾಗಿ ಮಲಗಿತ್ತು. ಒಂದರ ಮೇಲೆ ನೆರಳು ಬಿದ್ದರೂ ಸಾಲಿಗೆ ಸಾಲೇ ಸೊರಗುತ್ತದಂತೆ.

ಕೆಳಗೆ ವಿಚಾರಣೆ ನಡೆಯಿತು. "ಅವ್ವಾ, ಅಷ್ಟು ದೊಡ್ಡ ಟೆರೇಸ್ ಬಿಟ್ಟು ಅಲ್ಲೇ ಯಾಕ?"

"ಬ್ಯಾರೆ ಕಡೆ ಆ ಹುಡುಗೂರ ಜೀನ್ಸ್ ಪ್ಯಾಂಟ್ ಜೋತಾಡ್ತಾವ. ಮಡಿ ಎಲ್ಲಿ ಉಳೀತದ? ಅಲ್ಲಿ ನೀನ ಬೋರ್ಡ್ ಹಾಕೀದಿ, ಮುಟ್ಟಬ್ಯಾಡ್ರಿ ಅಂತ. ನನಗ ಭಾಳ ಸಮಾಧಾನ ಆತು. ಇಷ್ಟು ವರ್ಷದ ಮ್ಯಾಲರೇ ಮಗನಿಗೆ ತಾಯಿ ಮಡಿ ನೆನಪಾತಲ್ಲ ಅಂತ."

ಕಾಕಾ ಎಂಜಿನಿಯರಿಂಗ್ ತೆಗೆದರು. "ಕೋಲಿನಿಂದ ಆಚೆ ಸರಸ್ತೀನಿ. ಕಟ್ಟಿಗಿ ಅಂದ್ರ ಇನ್ಸುಲೇಟರ್. ಮೈಲಿಗಿ ಹರಿಯಂಗಿಲ್ಲ."

"ಕರೆಂಟ್ ಹರಿಯಂಗಿಲ್ಲ ಖರೆ. ಮೈಲಿಗಿ ಕರೆಂಟ್ ಅಲ್ಲ. ಜಳಕಾ ಮಾಡಿ, ಒದ್ದಿ ಧೋತರದಾಗ ಹೋಗಿ ಸರಸು. ನಾ ಬ್ಯಾಡನ್ನಂಗಿಲ್ಲ."

ದಿನಾ ನಡುಮಧ್ಯಾಹ್ನ ಕಾಕಾ ತಣ್ಣೀರು ಹೊಯ್ದುಕೊಂಡು, ಒದ್ದೆ ಧೋತರದಲ್ಲಿ ನೀರು ತೊಟ್ಟಿಕ್ಕಿಸುತ್ತ ಲಿಫ್ಟಿನಲ್ಲಿ ಮೇಲೆ ಹೋಗಿ, ಎರಡೂ ಕೈ ಎತ್ತಿ ಸೀರೆಯನ್ನು ಹಗ್ಗದ ಆ ತುದಿಗೆ ಸರಿಸಿ ಬರುವುದು ಶುರುವಾಯಿತು. ಮೋಟರ್ ಮತ್ತೆ ಓಡಿತು. ಆದರೆ ಅಕ್ಕಪಕ್ಕದ ಟೆರೇಸುಗಳಿಂದ ನೋಡಿದವರಿಗೆ ಸೀರೆ ಕಾಣಲಿಲ್ಲ. ಕಂಡದ್ದು ಸೂರ್ಯನ ಕೆಳಗೆ ಕೈ ಎತ್ತಿ ನಿಂತ, ಒದ್ದೆ ಬಟ್ಟೆಯ ಒಬ್ಬ ಹಿರಿಯರು. ಅಂಕುಲ್ ಸೂರ್ಯವ್ರತ ಹಿಡಿದಿದ್ದಾರೆ, ಅದಕ್ಕೇ ಮೋಟರ್ ಓಡುತ್ತಿದೆ ಎಂದು ಸುದ್ದಿ ಹಬ್ಬಿತು. ಅಧ್ಯಕ್ಷರ ಅತ್ತೆ ಒಂದು ಬೆಳಿಗ್ಗೆ ಬಂದು ಪ್ರತಿ ಪ್ಯಾನೆಲ್ಲಿಗೂ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿದು ಹೋದರು. ಕಾಕಾ ಈಗ ಸೀರೆ ಸರಿಸಿದ ಮೇಲೆ ಕುಂಕುಮವನ್ನೂ ಒರೆಸಬೇಕು!

ಬೇಸಿಗೆ ಮುಗಿಯುವ ಮೊದಲೇ ಸಂಘ ಒಮ್ಮತದಿಂದ ಒಪ್ಪಿತು. ಜರ್ಮನಿ, ಚೀನಾ, ಥಾರ್ ಮರುಭೂಮಿ ಸೇರಿ ಮಾಡಲಾಗದ್ದನ್ನು ಅಜ್ಜಿಯ ಸೀರೆ ಮಾಡಿತ್ತು. "ನೀತಿ ಹಿಂಗ ಪಾಸ್ ಆಗ್ತದ ಅಂತ ಗೊತ್ತಿದ್ರ ಮೊದಲ ಜಳಕಾ ಮಾಡ್ತಿದ್ದೆ" ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು.

ಟೆರೇಸಿನ ತುಂಬ ಪ್ಯಾನೆಲ್ ಬಂದು, ಜನರೇಟರನ್ನು ಟ್ರಾಲಿಗೆ ಹೇರಿ ಕಳಿಸಿದ ವಾರ ನಾನು ಹೋಗಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ಕರೆಂಟ್ ಹೋಯಿತು. ಹಾಸಿಗೆಯ ಮೇಲಿದ್ದ ಕಾಕು ರೂಢಿಯಂತೆ ಎದ್ದು ಕೂತು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ. ಕಾಕಾ ಈಗ ಭಾಷಣ ಶುರು ಮಾಡುತ್ತಾರೆಂದು ನಾನು ಕಾದೆ. ಅವರು ಹೋಗಿ ಹಾಸಿಗೆಯ ಅಂಚಿಗೆ ಕೂತು, ಕಾಕುವಿನ ಮುಖದಿಂದ ಸೆರಗನ್ನು ಮೆಲ್ಲಗೆ ಸರಿಸಿದರು.

"ಇನ್ನ ಬ್ಯಾಡ ಅದು" ಎಂದರು. ಸೆರಗನ್ನು ಅವರ ಮಡಿಲಿಗೆ ಇಳಿಸಿ, "ನಾ ಮಾಡಿದ ಕರೆಂಟ್ ಊರಿಗೆಲ್ಲಾ ಹೋತು. ಬೂದಿ ಅಷ್ಟೂ ನನ್ನ ಅಂಗಿ ಮ್ಯಾಲೆ ಮನಿಗೆ ಬಂತು. ಝಾಡಿಸಿ ಝಾಡಿಸಿ ಒಗದಾಕಿ ನೀನು" ಎಂದರು.

"ಹುಚ್ಚರಂಗ ಮಾತಾಡಬ್ಯಾಡ್ರಿ. ಆ ಅಂಗಿ ದುಡದದ್ದನ್ನೇ ನಾವೆಲ್ಲಾ ಉಂಡೀವಿ" ಎಂದರು ಕಾಕು. ಆಮೇಲೆ ಹೆದರುತ್ತಾ ಹೆದರುತ್ತಾ ಒಂದು ಉದ್ದನೆಯ ಉಸಿರು ಎಳೆದುಕೊಂಡರು. ಕೆಮ್ಮು ಬರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಕಾಕಾ ಅವರ ಬೆನ್ನ ಮೇಲೆ ಕೈ ಇಟ್ಟು, "ಇನ್ನೊಮ್ಮೆ ತಗೋ" ಎಂದರು.